ಸದ್ದಿಲ್ಲದ ಕೂಲರ್

ಸದ್ದು ಮಾಡದ ಕೂಲರ್ ಬೇಕೆಂದು ನಾನು ಹದಿನೈದು ದಿನ ಹುಡುಕಿದ್ದು ನನ್ನ ಹೆಂಡತಿಗೋಸ್ಕರ. ಇದು ನಿಜ. ಈಗ ಯಾರ ಮುಂದೆ ಹೇಳಿದರೂ ಸುಳ್ಳು ಅನ್ನಿಸುತ್ತದೆ, ಅದಕ್ಕೇ ಮೊದಲ ಸಾಲಿನಲ್ಲೇ ಬರೆದುಬಿಟ್ಟಿದ್ದೇನೆ. ಕೂಲರ್ ಎಂದರೆ ಬಯಲುಸೀಮೆಯವರು ಬೇಸಿಗೆಯಲ್ಲಿ ನೀರು ತುಂಬಿಸಿ ಇಟ್ಟುಕೊಳ್ಳುವ ಡಬ್ಬವಲ್ಲ. ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಅಂತ ಒಂದು ಬಿಲ್ಲೆ ಇರುತ್ತದೆ, ಯೋಚನೆಯೆಲ್ಲ ಅದರದ್ದೇ. ದೊಡ್ಡ ಆಟ ಆಡುವಾಗ ಅದು ಕಾದು ಕೆಂಡವಾಗುತ್ತದೆ. ಅದರ ತಲೆಯ ಮೇಲೆ ಕೂತು ಬಿಸಿಯನ್ನು ಹೊರಗೆ ತಳ್ಳುವ ತಗಡಿನ ಗೂಡು ಮತ್ತು ಫ್ಯಾನಿಗೆ ಕೂಲರ್ ಎನ್ನುತ್ತಾರೆ. ಅಂಥ ಒಂದನ್ನು ಆರಿಸುತ್ತ ಕೂತ ಆ ಹದಿನೈದು ದಿನದಲ್ಲಿ ನಾನು ಏನು ಕಳೆದುಕೊಂಡೆ ಎಂಬುದು ಗೊತ್ತಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು.

ನಮ್ಮದು ಮಲ್ಲಂದೂರಿನ ಹತ್ತಿರ ಸಣ್ಣ ಕಾಫಿ ತೋಟ. ಎಸ್ಟೇಟ್ ಅನ್ನಲು ನನಗೇ ಸಂಕೋಚ, ಆದರೂ ಗೇಟಿನ ಬೋರ್ಡಿನಲ್ಲಿ ಹಾಗೇ ಬರೆಸಿದ್ದೇನೆ. ಮನೆಯಲ್ಲಿ ನಾವಿಬ್ಬರೇ. ಮಕ್ಕಳಾಗಲಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಎಷ್ಟು ಮಾತಾಡುತ್ತಿದ್ದಳೆಂದರೆ, ಒಲೆಯ ಮೇಲಿನ ಹಾಲಿಗೂ ಬುದ್ಧಿ ಹೇಳುತ್ತಿದ್ದಳು. ಅಂಥವಳು ಈ ಎರಡು ಮೂರು ವರ್ಷಗಳಲ್ಲಿ ಮಾತು ಕಡಿಮೆ ಮಾಡಿದಳು. ಊಟಕ್ಕೆ ಬನ್ನಿ, ನೀರು ಕಾದಿದೆ, ಮೇಸ್ತ್ರಿ ಬಂದಿದ್ದಾರೆ, ಇಷ್ಟೇ. ಅದೂ ಎದುರಿಗೆ ಬಂದು ನಿಂತು ಹೇಳಿ ಹೋಗುತ್ತಿದ್ದಳು. ವಯಸ್ಸಾದ ಮೇಲೆ ಎಲ್ಲರ ಮನೆಯಲ್ಲೂ ಹೀಗೇ ಇರಬೇಕು ಅಂದುಕೊಂಡೆ. ಸಂಜೆ ಜಗಲಿಯಲ್ಲಿ ಒಬ್ಬನೇ ಕೂತು ಕತ್ತಲಾಗುವುದನ್ನು ನೋಡುತ್ತಿದ್ದೆ. ನನ್ನ ಮೇಲೆ ಅವಳಿಗೆ ಏನು ಬೇಸರ ಎಂದು ಕೇಳುವ ಧೈರ್ಯ ಇರಲಿಲ್ಲ. ಕೇಳಿದರೆ ಅವಳು ಹೇಳಿಬಿಟ್ಟಾಳು ಎಂಬ ಹೆದರಿಕೆ.

ಆ ಸಂಜೆಗಳನ್ನು ತುಂಬಿಸಲಿಕ್ಕೇ ಕಂಪ್ಯೂಟರ್ ಬಂದದ್ದು. ಚಿಕ್ಕಮಗಳೂರಿನಲ್ಲಿ ಸ್ನೇಹಿತನೊಬ್ಬನ ಮನೆಯಲ್ಲಿ ಲಾರಿ ಓಡಿಸುವ ಆಟ ನೋಡಿದ್ದೆ. ಯಾವುದೋ ದೇಶದ ರಸ್ತೆ, ಕಣ್ಣು ಹಾಯುವಷ್ಟು ದೂರ ಒಂದೇ ಒಂದು ತಿರುವಿಲ್ಲ. ಹುಟ್ಟಿದಾಗಿನಿಂದ ಘಟ್ಟದ ತಿರುವಿನಲ್ಲಿ ಹಾರ್ನ್ ಹೊಡೆದುಕೊಂಡೇ ಬದುಕಿದವನಿಗೆ ಅದು ಎಂಥ ಸುಖ ಎಂದು ಬೇರೆಯವರಿಗೆ ತಿಳಿಯುವುದಿಲ್ಲ. ಮನೆಯಲ್ಲೇ ಜೋಡಿಸಿದರೆ ಒಳ್ಳೆಯದಾಗುತ್ತದೆ ಅಂದ ಸ್ನೇಹಿತ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರವನ್ನೇ ಬಿಚ್ಚಿ ಜೋಡಿಸುವವನಿಗೆ ಇದೇನು ದೊಡ್ಡದು ಎಂದು ನಾನೂ ಶುರುಮಾಡಿದೆ. ಒಂದೊಂದೇ ಸಾಮಾನು ಕೊರಿಯರಿನಲ್ಲಿ ಬಂತು. ಊರಿನಲ್ಲಿ ಎಲ್ಲರೂ ಆ ಹೊರಗಿನ ಡಬ್ಬಕ್ಕೇ ಸಿಪಿಯು ಅನ್ನುತ್ತಾರೆ, ಒಳಗಿನ ಬಿಲ್ಲೆಯನ್ನು ಯಾರೂ ಕಂಡವರಲ್ಲ. ನಾನು ಕಂಡವನು ಎಂಬ ಜಂಬದಲ್ಲಿ ತೋಟದ ಆಳುಗಳ ಮೇಸ್ತ್ರಿಗೂ ತೋರಿಸಿದೆ. ಎಲ್ಲ ಬಂದ ಮೇಲೆ ಉಳಿದದ್ದು ಕೂಲರ್ ಒಂದೇ.

ಜಂಬದ ಮಾತು ಬಂತಲ್ಲ, ನನ್ನ ಕಿವಿಯ ವಿಷಯವನ್ನು ಇಲ್ಲೇ ಹೇಳಬೇಕು. ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಅದಕ್ಕೆ ಚೆರಿ ಅನ್ನುತ್ತೇವೆ. ಅದು ಒಣಗಿತೋ ಇಲ್ಲವೋ ನೋಡಲು ಒಂದು ಹಿಡಿ ತೆಗೆದುಕೊಂಡು, ಮುಷ್ಟಿ ಮುಚ್ಚಿ, ಕಿವಿಯ ಹತ್ತಿರ ಅಲ್ಲಾಡಿಸುವುದು ನಮ್ಮಲ್ಲಿನ ಕ್ರಮ. ಒಣಗಿದ್ದರೆ ಒಳಗಿನ ಬೀಜ ಸಿಪ್ಪೆಗೆ ಬಡಿದು ಗಿಲಗಿಲ ಅನ್ನುತ್ತದೆ. ಹಸಿ ಇದ್ದರೆ ಸದ್ದಿಲ್ಲ. ಅಪ್ಪ ಕಲಿಸಿದ್ದು ಇದು. ತೇವ ಅಳೆಯುವ ಮೀಟರು ಬಂದಿದೆ, ತಂದವರೂ ಇದ್ದಾರೆ, ಆದರೆ ನಮ್ಮ ಸುತ್ತಿನಲ್ಲಿ ನನ್ನ ಕಿವಿಯನ್ನೇ ನಂಬುತ್ತಿದ್ದರು. ಇನ್ನರ್ಧ ದಿನದ ಬಿಸಿಲು ಬೇಕು ಅಂದರೆ ಅರ್ಧ ದಿನವೇ. ಕಳಸದ ಹತ್ತಿರ ನನ್ನ ಅತ್ತೆಗೆ ಎರಡು ಎಕರೆ ಕಾಫಿ ಇತ್ತು. ಪ್ರತಿ ವರ್ಷ ನಾನು ಹೋಗಿ ಅಲ್ಲಾಡಿಸಿ ನೋಡಿ ಆಗಬಹುದು ಅಂದ ಮೇಲೇ ಅವರು ಚೀಲಕ್ಕೆ ತುಂಬಿಸುತ್ತಿದ್ದುದು. ಮಗ ಮನೆಯಲ್ಲೇ ಇದ್ದರೂ ಅವನ ಕಿವಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. "ಅಳಿಯಂದ್ರು ಬಂದ್ರೆ ನಾವು ಅಡಿಗೆಮನೇಲಿ ಪಿಸುಗುಡೋ ಹಾಗೂ ಇಲ್ಲ ಮಾರಾಯ್ತಿ, ಎಲ್ಲ ಕೇಳಿಸ್ಕೊಂಡುಬಿಡ್ತಾರೆ" ಎಂದು ಮಗಳ ಹತ್ತಿರ ನಗುತ್ತಿದ್ದರು. ಆ ಮಾತೂ ನನಗೆ ಜಗಲಿಯಲ್ಲಿ ಕೇಳಿಸುತ್ತಿತ್ತು, ಹೆಮ್ಮೆಯಾಗುತ್ತಿತ್ತು.

ಅದೇ ವರ್ಷ ಜನವರಿಯಲ್ಲಿ ನಮ್ಮ ಕಣದ ಚೆರಿ ಕೆಟ್ಟಿತ್ತು. ಎಷ್ಟು ಒಣಗಿಸಿದರೂ ಸದ್ದು ಬರಲಿಲ್ಲವೆಂದು ನಾನು ಬಿಸಿಲಿಗೆ ಬಿಟ್ಟೇ ಬಿಟ್ಟೆ. ಕೊಳ್ಳಲು ಬಂದವನು ಬೀಜ ಕಚ್ಚಿ ನೋಡಿ, "ಇದೇನು ಸಾರ್, ಸುಟ್ಟ ಹಾಗೆ ಒಣಗಿಸಿದ್ದೀರಿ, ಮುಟ್ಟಿದ್ರೆ ಪುಡಿಯಾಗ್ತಿದೆ" ಅಂದ. ನಾನು ಮೇಸ್ತ್ರಿಗೆ ಬೈದೆ. ಸರಿಯಾಗಿ ತಿರುವಿಹಾಕಿಸಲಿಲ್ಲ ಅಂದೆ. ಮೇಸ್ತ್ರಿ ತಲೆ ಕೆರೆದುಕೊಂಡ. ಪಾಪ, ಅವನ ತಪ್ಪು ಏನೂ ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಹೆಂಡತಿ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, "ಅಮ್ಮಂಗೆ ಯಾಕೋ ಹುಷಾರಿಲ್ವಂತೆ, ನಾಲ್ಕು ದಿನ ಇದ್ದು ಬರ್ತೀನಿ" ಎಂದಳು. ಜ್ವರ, ಸುಸ್ತು, ಅಷ್ಟೇ ಅಂದಳು. ನಾನೇ ಬಸ್ಸಿಗೆ ಬಿಟ್ಟೆ. ಜೊತೆಗೆ ಹೋಗಬಹುದಿತ್ತು. ಆದರೆ ಹೂಮಳೆ ಬಂದಿರಲಿಲ್ಲ, ಕಾಫಿ ಮೊಗ್ಗು ಕಾಯುತ್ತಿತ್ತು, ಕೆರೆಗೆ ಎಂಜಿನ್ ಇಟ್ಟು ಸ್ಪ್ರಿಂಕ್ಲರ್ ಹಾರಿಸಬೇಕಿತ್ತು. ಈ ನೆವ ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಮನೆಯಲ್ಲಿ ಅವಳಿಲ್ಲದಾಗ ಕಂಪ್ಯೂಟರ್ ಜೋಡಿಸಿ, ಬಂದ ಕೂಡಲೇ ತೋರಿಸಬೇಕೆಂಬ ಆಸೆಯೂ ಇತ್ತು.

ಆ ದಿನಗಳಲ್ಲಿ ನಾನು ಕೂಲರ್ ವಿಷಯದಲ್ಲಿ ಹುಚ್ಚನೇ ಆಗಿದ್ದೆ. ಅವಳಿಗೆ ಅರೆತಲೆನೋವು. ಶುರುವಾದರೆ ಚಮಚ ಬಿದ್ದ ಸದ್ದನ್ನೂ ತಾಳಲಾರಳು. ಕಂಪ್ಯೂಟರ್ ಇಡುವುದು ನಡುಮನೆಯಲ್ಲಿ, ಅದರ ಗೋಡೆಯಾಚೆಗೇ ಅವಳು ಮಲಗುವ ಕೋಣೆ. ಆದ್ದರಿಂದ ತಂಪಿಗಿಂತ ಮೊದಲು ಸದ್ದು ನೋಡಬೇಕೆಂದು ತೀರ್ಮಾನ ಮಾಡಿದೆ. ಪ್ರೊಸೆಸರಿನ ಡಬ್ಬದಲ್ಲೇ ಒಂದು ಸಣ್ಣ ಕೂಲರ್ ಬರುತ್ತದೆ. ಬಿಸಿಯಾದರೆ ಅದು ಮಿಕ್ಸಿಯ ಹಾಗೆ ಅರಚುತ್ತದೆಂದು ಕೊಂಡವರೆಲ್ಲ ಬರೆದಿದ್ದರು. ಅದನ್ನು ಬದಿಗಿಟ್ಟೆ. ಇನ್ನೊಂದು ನೀರಿನದು. ಕೊಳವೆಯಲ್ಲಿ ನೀರು ಸುತ್ತಾಡಿ ಬಿಸಿ ಇಳಿಸುತ್ತದೆ, ಅದಕ್ಕೊಂದು ಗೇಣುದ್ದದ ಜಾಲರಿ, ಒಂದು ಪುಟ್ಟ ಪಂಪು. ನೋಡಲು ಬಹಳ ಚೆಂದ. ಆದರೆ ಪಂಪು ಅಂದ ಮೇಲೆ ಒಂದಲ್ಲ ಒಂದು ದಿನ ಕೆಡಲೇಬೇಕು, ಇದನ್ನು ತೋಟದವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೆರೆಯ ಪಂಪಿನ ಜೊತೆ ಹೆಣಗಾಡಿ ಸಾಕಾದವನು ಮನೆಯೊಳಗೂ ಒಂದನ್ನು ತಂದು ಸಾಕುವುದೇ ಎಂದು ಬಿಟ್ಟೆ.

ಉಳಿದದ್ದು ಗೋಪುರದ ಹಾಗೆ ನೆಟ್ಟಗೆ ನಿಲ್ಲುವ ಗಾಳಿಯ ಕೂಲರ್. ಅದರಲ್ಲೇ ಇಪ್ಪತ್ತು ಬಗೆ. ಒಂದು ಫ್ಯಾನೋ ಎರಡೋ, ತಾಮ್ರದ ಕಡ್ಡಿ ನಾಲ್ಕೋ ಆರೋ, ಎತ್ತರ ಎಷ್ಟು. ತೋಟದ ಗುಂಡಿ ಅಳೆಯುವ ಟೇಪಿನಲ್ಲಿ ಕಂಪ್ಯೂಟರಿನ ಡಬ್ಬದ ಒಳಗನ್ನು ಮೂರು ಸಲ ಅಳೆದೆ. ನನಗೆ ಇಷ್ಟವಾದದ್ದು ಒಂದು ಬೆರಳಿನಷ್ಟು ಎತ್ತರವಾಗಿ ಬಾಗಿಲು ಮುಚ್ಚುವಂತಿರಲಿಲ್ಲ. ಮತ್ತೆ ಹುಡುಕಿದೆ. ಹೆಣ್ಣು ನೋಡಲು ಕಳಸಕ್ಕೆ ಹೋದಾಗ ಕೂಡ ನಾನು ಇಷ್ಟು ವಿಚಾರಿಸಿರಲಿಲ್ಲ. ಕೆರೆಯ ಏರಿಯ ಮೇಲೆ, ಎದೆ ನಡುಗಿಸುವ ಹಾಗೆ ಹೊಡೆದುಕೊಳ್ಳುವ ಎಂಜಿನ್ನಿನ ಪಕ್ಕದಲ್ಲಿ ಕೂತು, ಯಾವ ಫ್ಯಾನು ಎಷ್ಟು ಡೆಸಿಬಲ್ ಎಂದು ಫೋನಿನಲ್ಲಿ ಓದುತ್ತಿದ್ದೆ. ಆಗ ಅದರಲ್ಲಿ ನಗುವಂಥದ್ದು ನನಗೇನೂ ಕಾಣಲಿಲ್ಲ.

ಹಾಗೆ ಓದುತ್ತಿದ್ದಾಗಲೇ ಹೆಂಡತಿಯ ಫೋನ್ ಬಂತು, ಹೋದ ಮೂರನೆಯ ದಿನ. ಎಂಜಿನ್ನಿನಿಂದ ದೂರ ನಡೆದು ಬಂದು ಕಿವಿಗೆ ಹಿಡಿದೆ. ಅವಳ ಮಾತು ಒಡೆದು ಒಡೆದು ಬರುತ್ತಿತ್ತು. ಕಳಸದ ಕಡೆ ನೆಟ್‌ವರ್ಕ್ ಯಾವಾಗಲೂ ಹಾಗೇ. ಅಮ್ಮ ಅನ್ನುವುದು ತಿಳಿಯಿತು. ಆಮೇಲೆ ಚೆರಿ ಅಂದ ಹಾಗಾಯಿತು. ನಮ್ಮ ಕೊನೆಯ ಚೆರಿ ಚೀಲಕ್ಕೆ ತುಂಬಿಸಿ ಆಯಿತೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡು "ಹ್ಞೂಂ" ಎಂದೆ. ಮತ್ತೇನೋ ಕೇಳಿದಳು. "ಹ್ಞೂಂ ಹ್ಞೂಂ" ಎಂದೆ. ಫೋನ್ ಇಟ್ಟಳು. ನಾನು ಹಿಂದಕ್ಕೆ ಹೋಗಿ ಎರಡು ಫ್ಯಾನಿನ ಕೂಲರ್ ಮತ್ತು ಒಂದು ಫ್ಯಾನಿನ ಕೂಲರಿಗೆ ಎಷ್ಟು ವ್ಯತ್ಯಾಸ ಎಂದು ನೋಡಿದೆ.

ಈ ಹ್ಞೂಂ ನನಗೆ ಯಾವಾಗ ಅಂಟಿತೋ ಗೊತ್ತಿಲ್ಲ. ಸಣ್ಣಸಣ್ಣ ಮಾತಿಗೂ ಏನು, ಏನು ಎಂದು ಮತ್ತೆ ಮತ್ತೆ ಕೇಳುವುದು ನನಗೇ ಬೇಸರವಾಗಿ, ಹ್ಞೂಂ ಅಂದರೆ ಮಾತು ಮುಂದೆ ಹೋಗುತ್ತದೆ ಎಂದು ರೂಢಿಯಾಗಿತ್ತು. ನಮ್ಮ ಭಾಷೆಯಲ್ಲಿ ಅದು ಬಹಳ ಅನುಕೂಲದ ಮಾತು. ಒಪ್ಪಿದೆ ಅಂತಲೂ ಆಗುತ್ತದೆ, ಕೇಳಿಸಿತು ಅಂತಲೂ ಆಗುತ್ತದೆ, ಇನ್ನು ಸಾಕು ಅಂತಲೂ ಆಗುತ್ತದೆ. ಹೇಳುವವನು ಒಂದರಲ್ಲಿರುತ್ತಾನೆ, ಕೇಳುವವರು ಇನ್ನೊಂದು ಹಿಡಿದುಕೊಳ್ಳುತ್ತಾರೆ.

ನಾಲ್ಕು ದಿನವೆಂದು ಹೋದವಳು ಬರಲಿಲ್ಲ. ನಡುವೆ ಎರಡು ಮೂರು ಸಲ ಫೋನ್ ಮಾಡಿದಳು, ಎಲ್ಲವೂ ಹೀಗೇ ಮುಗಿದವು. ಕೊನೆಗೆ ನಾನು ಆರಿಸಿದ ಕೂಲರ್ ಬಂತು. ಒಂದೇ ದೊಡ್ಡ ಫ್ಯಾನು, ನಿಧಾನಕ್ಕೆ ತಿರುಗುವುದು, ಪಿಸುಮಾತಿಗಿಂತ ಕಡಿಮೆ ಸದ್ದು ಎಂದು ಡಬ್ಬದ ಮೇಲೇ ಬರೆದಿತ್ತು. ಸಂಜೆ ಐದಕ್ಕೆ ಕೈಕಾಲು ತೊಳೆದು ಜೋಡಿಸಲು ಕೂತೆ. ಬಿಲ್ಲೆಗೂ ಕೂಲರಿಗೂ ನಡುವೆ ಹಚ್ಚಲು ಬೂದು ಬಣ್ಣದ ಒಂದು ಲೇಪ ಕೊಟ್ಟಿರುತ್ತಾರೆ. ಕಡಲೆಕಾಳಿನಷ್ಟು ಹಾಕಿದರೆ ಸಾಕಂತೆ. ನನ್ನ ಕೈ ಕೇಳಬೇಕಲ್ಲ. ನೋಡಲು ಥೇಟ್ ನೀರಲ್ಲಿ ಕಲಸಿದ ವಿಭೂತಿ. ಮೂರು ಬೆರಳಿನಲ್ಲಿ ಎಳೆದೇ ಬಿಟ್ಟೆ, ಬಿಲ್ಲೆಯ ಹಣೆಗೆ ಅಡ್ಡ ಮೂರು ಗೆರೆ. ಒಬ್ಬನೇ ನಕ್ಕೆ. ಅವಳು ಬಂದ ಮೇಲೆ ಇದನ್ನು ಹೇಳಬೇಕು, ಅವಳೂ ನಗುತ್ತಾಳೆ ಎಂದು ಮನಸ್ಸಿನಲ್ಲಿ ಎತ್ತಿಟ್ಟುಕೊಂಡೆ. ಸ್ವಿಚ್ ಒತ್ತಿದೆ. ಫ್ಯಾನು ತಿರುಗಿತು. ಕಿವಿ ಹತ್ತಿರ ಇಟ್ಟೆ. ಏನೆಂದರೆ ಏನೂ ಸದ್ದಿಲ್ಲ. ನನ್ನ ಆಯ್ಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಹೆಂಡತಿಯ ಅಣ್ಣ ಫೋನ್ ಮಾಡಿದ. ಅವನದು ದಪ್ಪ ಗಂಟಲು, ಒಂದೊಂದು ಅಕ್ಷರವೂ ಕೇಳಿಸಿತು. "ಅಮ್ಮ ಹೋದ್ರು ಭಾವ."

ಮೂರು ಗಂಟೆಯ ದಾರಿ ಹೇಗೆ ಓಡಿಸಿದೆನೋ ನೆನಪಿಲ್ಲ. ನಮ್ಮ ಕ್ರಮದಂತೆ ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಸರದಿಯಲ್ಲಿ ನಾನೂ ಹೋಗಿ ಅವರ ಹಣೆಗೆ ವಿಭೂತಿ ಹಚ್ಚಿದೆ. ಮೂರು ಬೆರಳು ಹಣೆಗೆ ತಾಗಿದಾಗ ಹಿಂದಿನ ಸಂಜೆ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡೆ. ಅಳು ಬಂತು. ಜ್ವರ ಅಂದರು, ಇಷ್ಟಾಗುತ್ತದೆಂದು ಯಾರೂ ಒಂದು ಮಾತು ಹೇಳಲಿಲ್ಲವಲ್ಲ ಎಂದು ಸಿಟ್ಟೂ ಬಂತು. ಹೆಂಡತಿ ನನ್ನ ಕಡೆ ನೋಡಲಿಲ್ಲ. ಅವಳ ಅಣ್ಣ ನೋಡಿದ, ಆದರೆ ಮಾತಾಡಿಸಲಿಲ್ಲ. ದುಃಖದ ಮನೆಯಲ್ಲಿ ಅದನ್ನೆಲ್ಲ ಎಣಿಸಬಾರದು ಅಂದುಕೊಂಡೆ. ಒಳಗೊಳಗೇ ಎಣಿಸಿದೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನೆತ್ತಿ ಬಿಸಿಯಾಗುತ್ತದೆ. ಅಂಗಳದ ಕಣದಲ್ಲಿ ಅತ್ತೆಯ ಚೆರಿ ಇನ್ನೂ ಹರಡಿಕೊಂಡೇ ಇತ್ತು. ಎಲ್ಲರ ಕಣವೂ ಖಾಲಿಯಾಗಿ ಎಷ್ಟೋ ದಿನವಾಗಿತ್ತು. ಅಮ್ಮ ಹೋದ ಕೂಡಲೇ ಇವನ ಅಶ್ರದ್ಧೆ ನೋಡು ಅಂದುಕೊಂಡೆ. ಅಭ್ಯಾಸಬಲದಿಂದ ಬಗ್ಗಿ ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಸದ್ದಿಲ್ಲ. ಆಶ್ಚರ್ಯವಾಯಿತು. ಪಕ್ಕದಲ್ಲಿ ಹೆಂಡತಿಯ ಅಣ್ಣ ನಿಂತಿದ್ದ. "ಇನ್ನೂ ಎರಡು ದಿನದ ಬಿಸಿಲು ಬೇಕು" ಎಂದೆ, ದೊಡ್ಡ ಮನುಷ್ಯನ ಹಾಗೆ.

ಅವನು ನನ್ನ ಮುಖವನ್ನೇ ನೋಡಿದ. "ಆಯ್ತು ಭಾವ" ಎಂದ. "ನಿಮಗೋಸ್ಕರವೇ ಇಟ್ಟಿದ್ದು ಅದು."

ಮರ್ಯಾದೆಯ ಮಾತು ಅಂದುಕೊಂಡು ನಾನು ಹ್ಞೂಂ ಎಂದೆ.

ಹೆಂಡತಿ ಮನೆಗೆ ಬಂದಳು. ಎರಡು ದಿನ ಬಿಟ್ಟು, ಅವಳ ಮನಸ್ಸು ಸ್ವಲ್ಪ ಬೇರೆ ಕಡೆ ಹೋಗಲಿ ಎಂದು, ಕಂಪ್ಯೂಟರ್ ಹಾಕಿ ತೋರಿಸಿದೆ. "ನೋಡು, ಎಷ್ಟೊಂದು ಹುಡುಕಿದೆ ಇದನ್ನ. ಒಂಚೂರೂ ಸದ್ದಿಲ್ಲ. ನಿನ್ನ ತಲೆನೋವಿಗೆ ಅಂತಲೇ ಆರಿಸಿದ್ದು" ಎಂದೆ. ಅವಳು ಡಬ್ಬವನ್ನು ನೋಡಿದಳು. ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಒಳಗೆ ಹೋದಳು. ವಿಭೂತಿಯ ಕಥೆ ಹೇಳಲು ಆಗಲಿಲ್ಲ. ಆ ವಾರವೇ ತನ್ನ ಹಾಸಿಗೆಯನ್ನು ಉಗ್ರಾಣದ ಪಕ್ಕದ ಸಣ್ಣ ಕೋಣೆಗೆ ಸಾಗಿಸಿದಳು. ಅಮ್ಮನ ದುಃಖ, ಒಬ್ಬಳೇ ಇರಬೇಕು ಅನ್ನಿಸಿರಬೇಕು ಎಂದುಕೊಂಡೆ. ನಾನು ಹೆಡ್‌ಫೋನ್ ಹಾಕಿಕೊಂಡು, ಸದ್ದು ಪೂರ್ತಿ ಏರಿಸಿ, ತಿರುವಿಲ್ಲದ ರಸ್ತೆಯಲ್ಲಿ ಲಾರಿ ಓಡಿಸಿದೆ. ಅದರಲ್ಲಿ ಎಲ್ಲವೂ ಕೇಳಿಸುತ್ತಿತ್ತು, ಲಾರಿಯ ಬ್ರೇಕು ಕೂಡ. ಹಾಗಾಗಿ ನನಗೆ ಸಂಶಯ ಬರಲು ದಾರಿಯೇ ಇರಲಿಲ್ಲ.

ಹೀಗೇ ಡಿಸೆಂಬರ್ ಬಂತು. ಹಣ್ಣು ಕೊಯ್ದು ಕಣಕ್ಕೆ ಹಾಕಿದೆವು. ಒಂದು ಮಧ್ಯಾಹ್ನ ಮೇಸ್ತ್ರಿ ಒಂದು ಹಿಡಿ ಚೆರಿ ತೆಗೆದು ಅಲ್ಲಾಡಿಸಿ, "ಆಯ್ತು ಗೌಡ್ರೆ, ತುಂಬಿಸ್ಬಹುದು" ಎಂದ. ನಾನು ಅಲ್ಲಾಡಿಸಿದೆ. ಸದ್ದಿಲ್ಲ. ಆಗಿಲ್ಲ ಎಂದೆ. ಅವನು ಜನವರಿಯ ಬೈಗುಳ ಮರೆತಿರಲಿಲ್ಲ. ನನ್ನದೇ ಮುಷ್ಟಿಯನ್ನು ಹಿಡಿದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಗಿಲಗಿಲ ಅಂತಿದೆಯಲ್ಲ, ಕೇಳಿ" ಎಂದ. ನಾನು ಅವನನ್ನೇ ನೋಡುತ್ತ ನಿಂತೆ. ಅವನು ಮಾತು ಬದಲಾಯಿಸಲು ಮನೆಯ ಕಡೆ ತಿರುಗಿ, "ಅದೇನು ಒಳಗೆ, ಯಾವಾಗ ನೋಡಿದ್ರೂ ಟಕಟಕ ಅಂತಿರುತ್ತೆ? ಹಲ್ಲಿಯೂ ಅಲ್ಲ" ಎಂದ. ಯಾವುದು ಎಂದೆ. "ಅದೇ, ನಿಮ್ಮ ಕಂಪ್ಯೂಟರ್ ಕಡೆಯಿಂದ. ಇಲ್ಲಿಗೇ ಕೇಳ್ತಿದೆಯಲ್ಲ." ಆಟವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದೆ, ಕಂಪ್ಯೂಟರ್ ಓಡುತ್ತಲೇ ಇತ್ತು.

ಒಳಗೆ ಹೋಗಿ ಡಬ್ಬದ ಬಾಗಿಲು ತೆಗೆದು ಕಿವಿ ಇಟ್ಟೆ. ಏನೂ ಇಲ್ಲ. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡುವುದನ್ನು ಒತ್ತಿ ಹತ್ತಿರ ಹಿಡಿದೆ. ಪರದೆಯ ಮೇಲಿನ ಗೆರೆ ಒಂದೇ ಸಮನೆ ಕುಪ್ಪಳಿಸತೊಡಗಿತು, ಒಂದರ ಹಿಂದೆ ಒಂದು, ಮೊಳೆ ಹೊಡೆದ ಹಾಗೆ. ನನ್ನ ಕಿವಿಗೆ ಮನೆಯೆಲ್ಲ ನಿಶ್ಶಬ್ದ. ಆ ಗೆರೆ ಹಾರುವುದನ್ನು ನೋಡುತ್ತ ಅಲ್ಲೇ ನೆಲದ ಮೇಲೆ ಕೂತೆ.

ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಇದು ಯಾವಾಗಿಂದ ಹೀಗಿದೆ?" ಎಂದು ಕೇಳಿದೆ.

"ತಂದಾಗಿಂದ" ಎಂದಳು.

"ಹೇಳಬಾರದಿತ್ತಾ?"

ಅವಳು ಏನೋ ಹೇಳಿದಳು. ನಾನು ತಲೆಯಾಡಿಸಿ, "ಕೇಳಿಸಲಿಲ್ಲ" ಎಂದೆ. ಎಷ್ಟೋ ವರ್ಷಗಳಲ್ಲಿ ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಹತ್ತಿರ ಬಂದು ಎದುರಿಗೆ ಕೂತು ಜೋರಾಗಿ ಹೇಳಿದಳು. "ಹೇಳಿದ್ದೆ ಮಾರಾಯ್ರೆ. ಈ ಟಕಟಕ ನಿಮಗೆ ಕೇಳ್ತಿಲ್ವಾ ಅಂತ ಕೇಳಿದ್ದೆ. ಹ್ಞೂಂ ಅಂದ್ರಿ. ಗೊತ್ತಿದ್ದೂ ಹಾಗೇ ಬಿಟ್ಟಿದಾರೆ ಅಂದ್ಕೊಂಡೆ." ಅವಳು ಒಂಬತ್ತು ತಿಂಗಳು ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದಳು.

ಹಾಸನದ ಕಿವಿಯ ಡಾಕ್ಟರು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. "ಮಿಷನ್ ಹತ್ತಿರ ಎಷ್ಟು ವರ್ಷ ಕೆಲಸ ಮಾಡಿದೀರಿ?" ಎಂದರು. ಪಲ್ಪರ್, ಕೆರೆಯ ಎಂಜಿನ್, ಕಳೆ ಹೊಡೆಯುವ ಯಂತ್ರ, ಮರ ಕುಯ್ಯುವ ಗರಗಸ, ಎಲ್ಲ ಹೇಳಿದೆ. ಕಿವಿಗೆ ಏನಾದರೂ ಹಾಕಿಕೊಳ್ಳುತ್ತಿದ್ದಿರಾ ಎಂದು ಕೇಳಿದರು. ಮಳೆಗಾಲದಲ್ಲಿ ಟೋಪಿ ಎಂದೆ. ಅವರು ನಗಲಿಲ್ಲ. ಇಂಥ ಕಿವುಡಿನಲ್ಲಿ ತೆಳ್ಳಗಿನ ಸದ್ದು ಮೊದಲು ಹೋಗುತ್ತದಂತೆ. ಹಕ್ಕಿ, ಗಡಿಯಾರ, ಗೆಜ್ಜೆ, ಹೆಂಗಸರ ಮಾತು. ದಪ್ಪ ಸದ್ದು ಉಳಿಯುತ್ತದೆ, ಎಂಜಿನ್ನು, ಗಂಡಸರ ಗಂಟಲು. ಹಾಗಾಗಿಯೇ ಮನುಷ್ಯನಿಗೆ ತನ್ನ ಕಿವಿ ಹೋಗುತ್ತಿರುವುದು ತಿಳಿಯುವುದಿಲ್ಲ, ಹೆಂಡತಿ ಮಾತು ಬಿಟ್ಟಿದ್ದಾಳೆ ಅಂದುಕೊಳ್ಳುತ್ತಾನೆ ಎಂದರು. ನಾನು ಅವರಿಗೆ ಏನೂ ಹೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬರುವಾಗ ಕಾರಿನಲ್ಲಿ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವಳು ಮಾತು ಬಿಟ್ಟಳೆಂದು ನಾನು ಕಂಪ್ಯೂಟರ್ ತಂದೆ. ನಾನು ಮಾತು ಬಿಟ್ಟೆನೆಂದು ಅವಳು ದೂರ ಹೋದಳು. ಮೂರು ವರ್ಷ ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಒಂದೇ ತಟ್ಟೆಯ ಉಪ್ಪಿನಕಾಯಿ ತಿಂದಿದ್ದೆವು.

ಜನವರಿಯ ಕೊನೆಯಲ್ಲಿ ಕಿವಿಗೆ ಹಾಕುವ ಮಿಷನ್ ಬಂತು. ಹಾಕಿಕೊಂಡು ಮನೆಯೊಳಗೆ ಬಂದು ಕಂಪ್ಯೂಟರಿನ ಸ್ವಿಚ್ ಒತ್ತಿದೆ. ಮೊದಲ ಸಲ ಕೇಳಿದೆ. ಸಣ್ಣ, ಒಣ, ಬಿಡದ ಸದ್ದು. ಎರಡು ನಿಮಿಷ ಕೇಳುವುದರಲ್ಲೇ ಹಲ್ಲು ಕಡಿಯುವಂತಾಯಿತು. ತೆಗೆದು ನೋಡಿದರೆ ಫ್ಯಾನಿನ ವೈರು ಸಡಿಲವಾಗಿ ರೆಕ್ಕೆಗೆ ತಾಗುತ್ತಿತ್ತು. ಚೀಲ ಹೊಲಿಯುವ ದಾರದಲ್ಲಿ ಒಂದು ಗಂಟು ಹಾಕಿದೆ. ನಿಂತಿತು. ಜೋಡಿಸಿದ ದಿನವೇ ಕೇಳಿಸಿದ್ದರೆ ಅಂದೇ ಹಾಕಬಹುದಾಗಿದ್ದ ಗಂಟು ಅದು. ಕೂಲರಿನದು ಯಾವ ತಪ್ಪೂ ಇರಲಿಲ್ಲ, ಬಹಳ ಒಳ್ಳೆಯ ಕೂಲರನ್ನೇ ಆರಿಸಿದ್ದೆ.

ಹೆಂಡತಿ ಕಾಫಿ ತಂದುಕೊಟ್ಟು ಎದುರಿಗೆ ಕೂತಳು. ಮಧ್ಯಾಹ್ನದ ಬಿಸಿಲು ಕಣದಲ್ಲಿ ಬಿದ್ದಿತ್ತು. ನನಗೆ ಆಗ ಒಂದು ಹೆದರಿಕೆ ಶುರುವಾಯಿತು. "ನಾನು ಹ್ಞೂಂ ಅಂದಿದ್ದು ಇನ್ನೇನೇನಕ್ಕೆ?" ಎಂದು ಕೇಳಿದೆ.

"ಏನೂ ಇಲ್ಲ ಬಿಡಿ. ಎಲ್ಲ ಹಳೇದು."

"ಹೇಳು."

ಅವಳು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. ಆಮೇಲೆ ನನ್ನ ಬಲಗಿವಿಯ ಕಡೆ ಸರಿದು, ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಅಮ್ಮ ನಿಮ್ಮನ್ನ ನೋಡ್ಬೇಕು ಅಂದ್ರು. ಚೆರಿ ಕಣದಲ್ಲೇ ಇದೆ, ಅಳಿಯಂದ್ರು ಬಂದು ಅಲ್ಲಾಡಿಸಿ ನೋಡ್ಲಿ, ಅಲ್ಲೀವರೆಗೂ ತುಂಬಿಸ್ಬೇಡಿ ಅಂದ್ರು. ನಿಮಗೆ ಫೋನ್ ಮಾಡಿ ಬರ್ತೀರಾ ಅಂತ ಕೇಳಿದೆ. ಹ್ಞೂಂ ಅಂದ್ರಿ. ನಾಳೆನೇ ಬರ್ತೀರಾ ಅಂತ ಕೇಳಿದೆ. ಹ್ಞೂಂ ಹ್ಞೂಂ ಅಂದ್ರಿ. ಅಣ್ಣ ತಾನೂ ಮಾಡ್ತೀನಿ ಅಂದ. ಬೇಡ, ಅವರು ಒಂದ್ಸಲ ಹೇಳಿದ್ರೆ ಬರ್ತಾರೆ ಅಂತ ನಾನೇ ತಡೆದೆ. ಅಮ್ಮ ಮಂಚನ ಕಿಟಕಿ ಹತ್ತಿರ ಹಾಕಿಸ್ಕೊಂಡ್ರು, ಕಾರು ಬರೋದು ಕಾಣ್ಲಿ ಅಂತ. ದಿನಾ ಬೆಳಿಗ್ಗೆ ಅಣ್ಣ ಚೆರಿ ಹರಡೋನು, ಸಂಜೆ ಟಾರ್ಪಾಲು ಮುಚ್ಚೋನು. ಒಣಗಿ ಒಣಗಿ ಕಲ್ಲಾಗಿತ್ತು, ಆದ್ರೂ ತುಂಬಿಸೋಕೆ ಬಿಡ್ಲಿಲ್ಲ. ಎದ್ದ ಕೂಡ್ಲೇ ಕೇಳೋರು, ಇವತ್ತು ಬರ್ತಾರಂತಾ ಅಂತ. ನಾನು ಹ್ಞೂಂ ಅಂದಿದಾರೆ ಅಮ್ಮ ಅಂತಿದ್ದೆ. ಕೊನೇ ದಿನಾನೂ ಅದನ್ನೇ ಹೇಳಿದೆ."

ಅಷ್ಟು ಹೇಳಿ ನಿಲ್ಲಿಸಿದಳು. ಮಿಷನ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನನ್ನ ಕಿವಿಯ ಕಡೆ ನೋಡಿ, "ಕೇಳಿಸ್ತಾ ನಿಮಗೆ?" ಎಂದಳು.

ಕೇಳಿಸಿತ್ತು. ಒಂದು ಅಕ್ಷರವೂ ತಪ್ಪದೆ ಕೇಳಿಸಿತ್ತು. ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಹ್ಞೂಂ ಅನ್ನಲು ನನಗೆ ಬಾಯಿ ಬರಲಿಲ್ಲ.